ಕೌದಿಯೊಳಗೆ ಸೇರಿದ ಆಸ್ಪತ್ರೆ ಸೀರೆಗಳು

ನೇಮಕಲ್ಲು: ಶ್ರಾವಣ ಬಂತೆಂದರೆ ಬೊಮ್ಮನಹಾಳ್ ಮಂಡಲದ ಈ ಊರಿನ ದಾರಿಗಳು ತುಂಬುತ್ತವೆ. ಕಸಾಪುರ, ಮುರಡಿ, ನೇಮಕಲ್ಲು, ಈ ಮೂರೂ ಕಡೆಯ ಆಂಜನೇಯನನ್ನು ಒಂದೇ ದಿನ ಕಂಡು ಬರಬೇಕೆಂದು ಹರಕೆ ಹೊತ್ತವರು ಬಳ್ಳಾರಿ ಕಡೆಯಿಂದಲೂ ಅನಂತಪುರ ಕಡೆಯಿಂದಲೂ ಬರುತ್ತಾರೆ. ರಾತ್ರಿ ಉಳಿದುಕೊಳ್ಳುವ ನೆಂಟರಿಗೆ ಹಾಸಲು, ಹೊದೆಯಲು ಕೌದಿ ಬೇಕು. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದ ದಿನ ಹೆಂಗಸರು ಕೌದಿ ಹಿಡಿದು ಕೂರುವುದು ಹಳೇ ರೂಢಿ. ನಾವು ಕೌದಿ ಅನ್ನುವುದನ್ನು ಪಕ್ಕದ ಮನೆಯ ತೆಲುಗಿನವರು ಬೊಂತ ಅನ್ನುತ್ತಾರೆ. ಹೊಲಿಗೆ ಮಾತ್ರ ಎರಡಕ್ಕೂ ಒಂದೇ.

ಈ ಊರಿಗೆ ಸೊಸೆಯಾಗಿ ಬಂದ ನಮ್ಮ ಸೋದರತ್ತೆಯೂ ಹಾಗೆ ಹೊಲಿಯುತ್ತಿದ್ದವರು. 48ನೇ ವಯಸ್ಸಿಗೆ ಎಡ ಎದೆಯಲ್ಲಿ ಗಂಟು ಕಾಣಿಸಿತು. ನೋವಿರಲಿಲ್ಲ, ಹಾಗಾಗಿ ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಮುಂದೆ ಬಳ್ಳಾರಿ, ಅಲ್ಲಿಂದ ಬೆಂಗಳೂರು. ಆಪರೇಷನ್ ಮಾಡಿ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಕೀಮೋ, ಆಮೇಲೆ ನಮ್ಮ ಜನ ‘ಕರೆಂಟು ಕೊಡೋದು’ ಅನ್ನುವ ರೇಡಿಯೋಥೆರಪಿ. ಎಲ್ಲ ಮುಗಿಸಿಕೊಂಡು ಊರಿಗೆ ಬಂದಾಗ ತಲೆಗೂದಲು ಬೆರಳುದ್ದ ಚಿಗುರಿತ್ತು.

ಚಿಕಿತ್ಸೆ ಮುಗಿಯಿತು, ಇನ್ನೇನು ಎಂದು ಎಲ್ಲರೂ ಅಂದುಕೊಂಡೆವು. ಅವರಿಗೆ ಕಷ್ಟ ಶುರುವಾಗಿದ್ದೇ ಆವಾಗ.

‘ನೀನೇನೂ ಮಾಡಬ್ಯಾಡ, ಸುಮ್ನೆ ಕುಂದ್ರು’

ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಪ್ರೀತಿಯಿಂದಲೇ ಎಲ್ಲರೂ ಒಂದೇ ಮಾತು: ‘ನೀನೇನೂ ಮಾಡಬ್ಯಾಡ, ಸುಮ್ನೆ ಕುಂದ್ರು.’ ನೀರು ಹೊರುವುದು ಬೇಡ, ರೊಟ್ಟಿ ತಟ್ಟುವುದು ಬೇಡ, ಕಸ ಹೊಡೆಯುವುದೂ ಬೇಡ. ತಟ್ಟೆ ಕೂತಲ್ಲಿಗೇ ಬರುತ್ತಿತ್ತು. ಮೂರು ತಿಂಗಳು ಹಾಗೇ ಕಳೆದ ಮೇಲೆ ಅತ್ತೆ ಒಂದು ದಿನ ಕೇಳಿಯೇ ಬಿಟ್ಟರು: ‘ನನ್ನ ಮನ್ಯಾಗೆ ನಾನೇ ನೆಂಟಳಾಗಿ ಎಷ್ಟು ದಿನ ಕುಂದ್ರಲಿ?’

ಅದೇ ವಾರ ಇನ್ನೊಂದು ನಡೆಯಿತು. ಆಸ್ಪತ್ರೆಯಲ್ಲಿ ಉಟ್ಟಿದ್ದ ಐದು ಸೀರೆಗಳನ್ನು ಗಂಟು ಕಟ್ಟಿ ಹಗರಿಗೆ ಬಿಟ್ಟು ಬರೋಣ ಎಂದು ಮನೆಯವರು ಹೊರಟಿದ್ದರು. ರೋಗದ ಸೀರೆ ಮನೆಯಲ್ಲಿ ಇರಬಾರದೆಂಬ ಭಾವನೆ. ಕ್ಯಾನ್ಸರ್ ಬಟ್ಟೆಯಿಂದ ಬಟ್ಟೆಗೆ, ಮೈಯಿಂದ ಮೈಗೆ ಅಂಟುವ ಕಾಯಿಲೆಯಲ್ಲ. ಆದರೆ ಆ ಭಯ ಎಷ್ಟೋ ಮನೆಗಳಲ್ಲಿದೆ. ತಟ್ಟೆ, ಲೋಟ ಬೇರೆ ಇಡುವವರೂ ಇದ್ದಾರೆ. ಅತ್ತೆ ಆ ಗಂಟು ಬಿಚ್ಚಿಸಿದರು. ‘ಒಗೆದಿದ್ದು ಐತೆ, ಮೆತ್ತಗೈತೆ, ಕೌದಿಗೆ ಆಗ್ತೈತೆ’ ಅಂದರು. ಹೊರಮೈಗೆ ಸೊಸೆಯ ಹಳೇ ಸೀರೆ, ನಡುವೆ ಒಳಪದರಕ್ಕೆ ಆಸ್ಪತ್ರೆಯ ಸೀರೆಗಳು.

ಮೊದಲ ದಿನವೇ ತಪ್ಪಾಯಿತು

ಹಿಂದಿನ ರೂಢಿಯಂತೆ ನೆಲದ ಮೇಲೆ ಹಾಸಿ, ಮೂಲೆಗೆ ಕಲ್ಲು ಇಟ್ಟು, ಬಗ್ಗಿ ಕೂತು ಮೂರು ತಾಸು ಹೊಲಿದರು. ಸಂಜೆಗೆ ಎಡಗೈ ಬಾತುಕೊಂಡು ಬಳೆ ಅಲ್ಲಾಡದ ಹಾಗಾಯಿತು. ಮನೆಯವರು ಗಾಬರಿಯಾಗಿ ಕೌದಿಯನ್ನು ಅಟ್ಟಕ್ಕೆ ಹಾಕಿದರು. ಇನ್ನು ಸೂಜಿ ಮುಟ್ಟಕೂಡದೆಂದು ತೀರ್ಮಾನವೂ ಆಯಿತು.

ಮುಂದಿನ ತಪಾಸಣೆಗೆ ಹೋದಾಗ ಫಿಸಿಯೋಥೆರಪಿಯವರನ್ನು ಕೇಳಿದೆವು. ಹೊಲಿಯಬೇಡಿ ಎಂದು ಅವರು ಹೇಳಲಿಲ್ಲ. ಹೇಗೆ ಹೊಲಿಯಬೇಕೆಂದು ಹೇಳಿಕೊಟ್ಟರು.

ಕೈ ಬಾಯುವುದೇಕೆ ಎಂದರೆ, ಕಂಕುಳಿನಲ್ಲಿ ದುಗ್ಧರಸ ಗ್ರಂಥಿಗಳಿರುತ್ತವೆ. ಕೈಯ ಅಂಗಾಂಶಗಳಲ್ಲಿ ಉಳಿಯುವ ನೀರು ಇವುಗಳ ಮೂಲಕವೇ ಹರಿದು ಮತ್ತೆ ರಕ್ತಕ್ಕೆ ಸೇರಬೇಕು. ಆಪರೇಷನ್‌ನಲ್ಲಿ ಗ್ರಂಥಿ ತೆಗೆದರೆ, ಅಥವಾ ರೇಡಿಯೋಥೆರಪಿಯಿಂದ ಆ ದಾರಿ ಕುಗ್ಗಿದರೆ, ಕಾಲುವೆಯ ತೂಬು ಅರ್ಧ ಮುಚ್ಚಿದಂತೆ ನೀರು ಕೈಯಲ್ಲೇ ನಿಲ್ಲುತ್ತದೆ. ಇದು ಎಲ್ಲರಿಗೂ ಬರುವುದಿಲ್ಲ. ಕೆಲವರಿಗೆ ವರ್ಷಗಳ ನಂತರವೂ ಬರಬಹುದು.

ಹಾಗೆಂದು ಕೈಯನ್ನು ಪೂರ್ತಿ ಬಳಸದೆ ಬಿಡುವುದೂ ಸರಿಯಲ್ಲ. ಭುಜ ಬಿಗಿದುಕೊಳ್ಳುತ್ತದೆ, ಸ್ನಾಯು ಸೊರಗುತ್ತದೆ. ಆ ಕೈಯಲ್ಲಿ ಏನನ್ನೂ ಎತ್ತಬಾರದೆಂದು ಹಿಂದೆ ಬಹಳ ಕಡೆ ಹೇಳುತ್ತಿದ್ದರು. 2009ರಲ್ಲಿ ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಕೈ ಬಾತಿದ್ದ 141 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ ಈ ನಂಬಿಕೆಯನ್ನು ಅಲ್ಲಾಡಿಸಿತು. ತರಬೇತಿ ಪಡೆದು, ಬಿಗಿ ತೋಳುಚೀಲ ಹಾಕಿಕೊಂಡು, ವಾರಕ್ಕೆ ಎರಡು ಸಲ ನಿಧಾನವಾಗಿ ಭಾರ ಹೆಚ್ಚಿಸುತ್ತ ಎತ್ತಿದವರ ಕೈ ಬಾವು ಹೆಚ್ಚಾಗಲಿಲ್ಲ. ಬಾವು ಉಲ್ಬಣಿಸಿದ ಪ್ರಸಂಗಗಳು ಅವರಲ್ಲೇ ಕಡಿಮೆಯಿದ್ದವು. ಇದನ್ನು ಓದಿ ನಾಳೆಯೇ ಕೊಡ ಎತ್ತಲು ಹೋಗಬಾರದು. ನಿಧಾನಕ್ಕೆ, ಕೇಳಿಕೊಂಡು, ಅಳತೆಯಲ್ಲಿ ಮಾಡಬೇಕು ಎಂಬುದೇ ಇದರ ಪಾಠ.

ಹೊಲಿಯುವವರು ಗಮನಿಸಬೇಕಾದ್ದು

ಅತ್ತೆ ಈಗ ಪಾಲಿಸುವ ಕ್ರಮ ಇಷ್ಟು. ಒಂದು ಸಲಕ್ಕೆ 20 ನಿಮಿಷ, ಹೆಚ್ಚೆಂದರೆ ಅರ್ಧ ತಾಸು. ಆಮೇಲೆ ಎದ್ದು ಕೈ ಮೇಲೆತ್ತಿ, ಮುಷ್ಟಿ ಬಿಗಿದು ಬಿಡಿಸುತ್ತಾರೆ. ನೆಲದ ಮೇಲೆ ಬಗ್ಗುವ ಬದಲು ಕೌದಿಯನ್ನು ಮಂಚದ ಮೇಲೆ ಹರವಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಳ್ಳುತ್ತಾರೆ. ಎಡಗೈಗೆ ಬಿಗಿ ಬಳೆ, ಉಂಗುರ ಇಲ್ಲ.

ಕೆಲವು ಕೀಮೋ ಔಷಧಗಳಿಂದ ಬೆರಳ ತುದಿ ಜೋಮು ಹಿಡಿದಂತಾಗುತ್ತದೆ. ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಆದ್ದರಿಂದ ಟೈಲರ್‌ಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆ ಬೇಕೇ ಬೇಕು. ದೊಡ್ಡ ಕಣ್ಣಿನ ಸೂಜಿ, ಬಟ್ಟೆಯ ಬಣ್ಣಕ್ಕಿಂತ ಬೇರೆಯಾಗಿ ಎದ್ದು ಕಾಣುವ ದಾರ ಇದ್ದರೆ ಕಣ್ಣಿಗೂ ಹಗುರ. ಚುಚ್ಚಿಕೊಂಡರೆ ಕೂಡಲೇ ಸೋಪಿನಿಂದ ತೊಳೆಯಬೇಕು. ಆ ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರದೆ ಅದೇ ದಿನ ಡಾಕ್ಟರನ್ನು ಕಾಣಬೇಕು.

ಇಡೀ ಕೌದಿಯ ಭಾರ ಬೇಡವೆಂದರೆ ಮೊದಲು ಮಗುವಿನ ಅಳತೆಯದನ್ನು ಹೊಲಿಯಬಹುದು. ಇಲ್ಲವೇ ಸಣ್ಣ ಸಣ್ಣ ಚೌಕ ಮಾಡಿ, ಕೂಡಿಸುವ ಕೆಲಸವನ್ನು ಮಗಳಿಗೋ ಸೊಸೆಗೋ ಬಿಡಬಹುದು. ನೆನೆದ ಕೌದಿ ಬಹಳ ಭಾರ, ಒಗೆಯುವುದು ಖಂಡಿತ ಬೇರೆಯವರ ಪಾಲು.

ಉಣ್ಣೆ, ರೇಷ್ಮೆ ಕೆಲಸದವರಿಗೆ

ನಮ್ಮ ಗಡಿಭಾಗದಲ್ಲಿ ಕುರುಬರ ಮನೆಗಳಲ್ಲಿ ಕಂಬಳಿಯ ಕೆಲಸವೂ ಇದೆ. ಉಣ್ಣೆ ಬಿಡಿಸಿ ರಾಟೆಯಲ್ಲಿ ನೂಲುವುದು ಸಾಮಾನ್ಯವಾಗಿ ಹೆಂಗಸರು. ನೂಲುವುದನ್ನು ಬೇಕಾದಾಗ ನಿಲ್ಲಿಸಬಹುದು, ಅದು ಅನುಕೂಲ. ಆದರೆ ಕೀಮೋ ನಡೆಯುವಾಗ ರೋಗ ತಡೆಯುವ ಶಕ್ತಿ ಕುಗ್ಗಿರುವುದರಿಂದ ತೊಳೆಯದ ಉಣ್ಣೆಯ ಧೂಳಿನಿಂದ ದೂರ ಇರುವುದು ಒಳ್ಳೆಯದು. ಹಾಸಿನ ನೂಲಿಗೆ ಬಳಿಯುವ ಹುಣಸೆ ಬೀಜದ ಗಂಜಿಯ ಬಿಸಿ ಪಾತ್ರೆಯನ್ನು ಬೇರೆಯವರೇ ಇಳಿಸಲಿ.

2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾ ಕಡೆ, ರೊಳ್ಳ, ಅಗಳಿ, ಅಮರಾಪುರದ ನಮ್ಮವರಲ್ಲಿ ರೇಷ್ಮೆ ಸಾಕುವ ಮನೆಗಳಿವೆ. ಅಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ, ನೂಲು ಬಿಚ್ಚುವ ಕಡೆ ಗೂಡು ಬೇಯಿಸುವ ಬಿಸಿನೀರು, ಎರಡೂ ಆಪರೇಷನ್ ಆದ ಕೈಗೆ ಆಗಿಬರುವುದಿಲ್ಲ. ಸುಟ್ಟ ಗಾಯದಿಂದ ಬಾವು ಹೆಚ್ಚುತ್ತದೆ.

ದಾರದಿಂದಲೇ ಇನ್ನೊಂದು ಉಪಕಾರ

ಅತ್ತೆ ಬಹಳ ದಿನ ಹೇಳದೆ ಮುಚ್ಚಿಟ್ಟ ಸಂಕಟ ಇನ್ನೊಂದಿತ್ತು. ಕುಪ್ಪಸದ ಒಂದು ಕಡೆ ಖಾಲಿ. ಮದುವೆ, ದೇವಸ್ಥಾನಕ್ಕೆ ಕರೆದರೆ ‘ತಲೆನೋವು’ ಅನ್ನುತ್ತಿದ್ದರು. ಹಳೇ ಪಂಚೆ ಬಟ್ಟೆಯನ್ನು ಮಡಚಿ ಒಳಗಿಟ್ಟುಕೊಂಡರೆ ಅದು ಜಾರುತ್ತಿತ್ತು. ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಎದೆಗೆ ದುಡ್ಡೂ ಹೆಚ್ಚು, ನಮ್ಮ ಬಿಸಿಲಿಗೆ ಸೆಕೆಯೂ ಹೆಚ್ಚು.

ಇದಕ್ಕೆ ಹತ್ತಿಯ ದಾರದಲ್ಲಿ ಹೆಣೆದ, ಒಳಗೆ ಮೆತ್ತನೆ ತುಂಬಿದ, ತೊಳೆದು ಬಳಸಬಹುದಾದ ಹಗುರವಾದ ಎದೆಯ ಆಕಾರವನ್ನು ಸ್ವಯಂಸೇವಕಿಯರು ಮಾಡುತ್ತಾರೆ. ನಿಟೆಡ್ ನಾಕರ್ಸ್ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಬೆಳೆದ ಈ ಸೇವೆಯನ್ನು ನಮ್ಮ ದೇಶದಲ್ಲಿ ಮುಂಬೈಯ ಜಯಶ್ರೀ ರತನ್ ಶುರು ಮಾಡಿದರು. ಬೇಕಾದವರಿಗೆ ಉಚಿತವಾಗಿ ಕೊಡುತ್ತಾರೆ. ಕ್ರೋಶಾ ಬಲ್ಲ ನಮ್ಮ ಹುಡುಗಿಯರು ಇದನ್ನು ಕಲಿತರೆ ಊರೂರಲ್ಲೇ ಆದೀತು. ಕೇಳಲು ನಾಚುವ ಹೆಂಗಸರೇ ಹೆಚ್ಚು. ಆದ್ದರಿಂದ ಮಗಳು, ಸೊಸೆಯಂದಿರೇ ಮೊದಲು ಮಾತು ತೆಗೆಯಬೇಕು.

ಕೌದಿ ಮದ್ದಲ್ಲ

ಕೈಕೆಲಸದಿಂದ ಮನಸ್ಸು ಹಗುರಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲದೆ ಇಲ್ಲ. 2013ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಕ್ಕೆ ಉತ್ತರಿಸಿದ 3,545 ಹೆಣಿಗೆಗಾರರಲ್ಲಿ, ಮೇಲಿಂದ ಮೇಲೆ ಹೆಣೆಯುವವರು ತಮಗೆ ನೆಮ್ಮದಿ ಹೆಚ್ಚೆಂದು ಹೇಳಿದ್ದರು. ಆದರೆ ಹೊಲಿಗೆ ಕ್ಯಾನ್ಸರ್ ವಾಸಿ ಮಾಡುವುದಿಲ್ಲ. ಹಲವರಿಗೆ ಐದು ವರ್ಷ, ಕೆಲವರಿಗೆ ಹತ್ತು ವರ್ಷ ದಿನಕ್ಕೊಂದು ಹಾರ್ಮೋನ್ ಮಾತ್ರೆ ಬರೆದಿರುತ್ತಾರೆ. ಮೈ ಚೆನ್ನಾಗಿದೆಯೆಂದು ನಡುವೆ ಬಿಡುವವರಿದ್ದಾರೆ, ಅದು ಅಪಾಯ.

ಗಡಿಯವರಿಗೆ ಕಾರ್ಡಿನ ತೊಡಕೂ ಇದೆ. 2007ರಲ್ಲಿ ಆರೋಗ್ಯಶ್ರೀ ಮೊದಲು ಬಂದ ಮೂರು ಜಿಲ್ಲೆಗಳಲ್ಲಿ ಅನಂತಪುರವೂ ಒಂದು. 2024ರಲ್ಲಿ ಅದರ ಹೆಸರು ಎನ್‌ಟಿಆರ್ ವೈದ್ಯ ಸೇವೆ ಎಂದಾಯಿತು. ಬಳ್ಳಾರಿಗೋ ಬೆಂಗಳೂರಿಗೋ ಹೊರಡುವ ಮುಂಚೆ ಆ ಆಸ್ಪತ್ರೆಯಲ್ಲಿ ಆಂಧ್ರದ ಕಾರ್ಡು ನಡೆಯುತ್ತದೆಯೇ ಎಂದು ಕೇಳಿಕೊಂಡೇ ಹೋಗಬೇಕು. ಡಿಸ್ಚಾರ್ಜ್ ಕಾಗದದ ಎರಡು ಪ್ರತಿ ಮನೆಯಲ್ಲಿರಲಿ.

ಅತ್ತೆಯ ಕೌದಿ ಮುಗಿಯಲು ಒಂದು ಬೇಸಿಗೆ ಸಾಕಾಗಲಿಲ್ಲ, ಎರಡಾಯಿತು. ಬೆರಳು ಜೋಮು ಹಿಡಿದಿದ್ದ ದಿನಗಳ ಎರಡು ಸಾಲು ಸೊಟ್ಟಗಿವೆ. ಬಿಚ್ಚಿ ಹೊಲಿಯೋಣವೇ ಎಂದು ಸೊಸೆ ಕೇಳಿದರೆ ‘ಇರಲಿ ಬಿಡು’ ಅಂದರು. ಮನೆಯಲ್ಲಿ ಈಗ ‘ಸುಮ್ನೆ ಕುಂದ್ರು’ ಎನ್ನುವ ಮಾತು ಕಡಿಮೆಯಾಗಿದೆ. ಸಂಜೆಗೆ ‘ಇವತ್ತು ಎಷ್ಟು ಸಾಲು ಆಯ್ತು, ಮಾತ್ರೆ ತಗೊಂಡೆಯಾ’ ಎಂದು ಎರಡನ್ನೂ ಕೂಡಿಸಿ ಕೇಳುತ್ತಾರೆ.

ಹೋದ ಶ್ರಾವಣದಲ್ಲಿ ಮೂರು ಆಂಜನೇಯರ ದರ್ಶನ ಮುಗಿಸಿ ಬಂದ ನೆಂಟರು ರಾತ್ರಿ ಅದೇ ಕೌದಿ ಹೊದ್ದು ಮಲಗಿದರು. ಒಳಗೆ ಯಾವ ಸೀರೆಯಿದೆ ಎಂದು ಅವರಿಗೆ ಹೇಳಿದ್ದೂ ಅತ್ತೆಯೇ. ಯಾರೂ ಕೌದಿ ಸರಿಸಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಪಾಸಣೆಯ ದಿನಕ್ಕೆ ಕೆಂಪು ಸುತ್ತು ಹಾಕಿತ್ತು.