ಅಮೃತಬಳ್ಳಿ: ಕಷಾಯ ಕಾಸೋ ಮುಂಚೆ ಕಾಂಡ ಮುಟ್ಟಿ ನೋಡಿ

ಕೊರೊನಾ ಕಾಲದಲ್ಲಿ ಯಾರ ಮನೆಗೆ ಹೋದರೂ ಅಮೃತಬಳ್ಳಿ ಕಷಾಯದ್ದೇ ಮಾತು. ಗೆಳೆಯನೊಬ್ಬ ಎಲ್ಲಿಂದಲೋ ತಂದು ಬೇಲಿಗೆ ಹಬ್ಬಿಸಿದ್ದ ಬಳ್ಳಿಯನ್ನು ನಾನೂ ಕತ್ತರಿಸಿ ತಂದೆ. ಎಲೆ ಮೊಬೈಲ್ ಫೋಟೊದಲ್ಲಿ ಇದ್ದ ಹಾಗೇ ಇತ್ತು. ಅಪ್ಪನಿಗೆ ಕಾಸಿ ಕೊಡೋಣ ಅಂತ ಒಲೆ ಹಚ್ಚುವಷ್ಟರಲ್ಲಿ ಪಕ್ಕದ ಮನೆ ಅಜ್ಜಿ ಬಂದರು. ನಮ್ಮೂರಲ್ಲಿ ನಾಟಿ ಔಷಧಿ ಕೊಡೋರು ಅವರು.

"ತಮ್ಮಾ, ಎಲೆ ನೋಡಿದ್ದು ಸಾಕು, ಕಾಂಡ ಮುಟ್ಟಿ ನೋಡು. ಮೈತುಂಬಾ ಗಂಟು ಐತಲ್ಲ! ಇದು ನಮ್ಮ ಬಳ್ಳಿ ಅಲ್ಲ, ಎಸಿ ಅತ್ಲಾಗೆ" ಅಂದ್ರು.

ಅವತ್ತೇ ಅವರ ಹತ್ತಿರ ಕಲಿಯೋಕೆ ಶುರು ಮಾಡಿದೆ. ಷರತ್ತು ಒಂದೇ: "ಒಂದು ಗಿಡಾನ ಒಂದು ವರ್ಷ ಬೆಳೆಸು. ಔಷಧಿ ಮಾತು ಆಮೇಲೆ."

ಗುರುತು ಮೊದಲು

ನಮ್ಮ ಅಮೃತಬಳ್ಳಿ ಟೈನೋಸ್ಪೋರಾ ಕಾರ್ಡಿಫೋಲಿಯಾ. ಅದನ್ನೇ ಹೋಲುವ ಇನ್ನೊಂದು ಟೈನೋಸ್ಪೋರಾ ಕ್ರಿಸ್ಪಾ. ಇದರಿಂದ ಹಾನಿಯಾಗಬಹುದು ಎಂದು ಕೇಂದ್ರ ಆಯುಷ್ ಸಚಿವಾಲಯವೇ 2022ರಲ್ಲಿ ಎಚ್ಚರಿಸಿದೆ. ವ್ಯತ್ಯಾಸ ಹೀಗೆ:

• ಕಾಂಡ: ಅಮೃತಬಳ್ಳಿಯದು ಹಸಿರು, ದೊಡ್ಡ ಗಂಟುಗಳಿಲ್ಲ. ಕ್ರಿಸ್ಪಾದ್ದು ಬೂದು ಬಣ್ಣ, ಉಬ್ಬಿದ ಗಂಟುಗಳು.
• ಕತ್ತರಿಸಿದಾಗ: ಕ್ರಿಸ್ಪಾದಲ್ಲಿ ಹಾಲಿನಂಥ ರಸ ಬರುತ್ತದೆ, ಅಮೃತಬಳ್ಳಿಯಲ್ಲಿ ಇಲ್ಲ.
• ಹಣ್ಣು: ಅಮೃತಬಳ್ಳಿಯಲ್ಲಿ ಮೂರು ಮೂರು ಕೂಡಿರುತ್ತವೆ, ಕ್ರಿಸ್ಪಾದಲ್ಲಿ ಎರಡು.

ಫೋಟೊ ನೋಡಿ ನಿರ್ಧರಿಸಬೇಡಿ. ತಿಳಿದವರಿಗೆ ಬಳ್ಳಿಯನ್ನೇ ತೋರಿಸಿ.

ಬೆಳೆಸೋದು ಹೇಗೆ?

ಗುರುತು ಖಾತ್ರಿಯಾದ ಬಳ್ಳಿಯಿಂದ ಬೆರಳು ದಪ್ಪದ ಕಾಂಡ ತಗೊಳ್ಳಿ. ಎರಡು ಗಿಣ್ಣು ಇರುವಂತೆ ಗೇಣುದ್ದ ಕತ್ತರಿಸಿ, ಮಳೆಗಾಲದ ಶುರುವಿನಲ್ಲಿ ನೆಡಿ. ನೀರು ನಿಲ್ಲಬಾರದು. ಹಬ್ಬೋಕೆ ಬೇವಿನ ಮರವೋ ಬೇಲಿಯೋ ಸಾಕು. ಔಷಧಿಗೆ ಬೇಕಾದ್ದು ಬಲಿತ ಕಾಂಡ. ಬೇಸಿಗೆಯಲ್ಲಿ ಕೊಯ್ದು, ತೊಳೆದು, ಸಣ್ಣಗೆ ತುಂಡು ಮಾಡಿ ನೆರಳಲ್ಲಿ ಒಣಗಿಸಿ. ಡಬ್ಬಿ ಮೇಲೆ ಹೆಸರು, ಕೊಯ್ದ ತಾರೀಕು ಬರೆದಿಡಿ.

ಕಷಾಯದ ಲೆಕ್ಕ

ತರಿತರಿಯಾಗಿ ಕುಟ್ಟಿದ ಒಣಕಾಂಡ 10 ಗ್ರಾಂ, ನೀರು 160 ಮಿ.ಲೀ. ಸಣ್ಣ ಉರಿಯಲ್ಲಿ 40 ಮಿ.ಲೀ.ಗೆ ಇಳಿಸಿ ಸೋಸಬೇಕು. ಅಂದರೆ ಒಂದಕ್ಕೆ ಹದಿನಾರು ಪಾಲು ನೀರು, ಉಳಿಯೋದು ಕಾಲು ಭಾಗ. ಆವತ್ತಿಂದು ಆವತ್ತೇ ಮುಗಿಸಬೇಕು, ನಾಳೆಗೆ ಇಡಬಾರದು.

ಆದರೆ ಅಳತೆ ಗೊತ್ತು ಅಂತ ಎಲ್ಲರಿಗೂ ಕುಡಿಸಬೇಡಿ. ಅಮೃತಬಳ್ಳಿ ರಕ್ತದ ಸಕ್ಕರೆ ಇಳಿಸಬಲ್ಲದು. ನಮ್ಮಪ್ಪ ಶುಗರ್ ಮಾತ್ರೆ ನುಂಗೋರು. ಅದು ನನಗೆ ಆಗ ತಲೆಗೇ ಹೊಳೆದಿರಲಿಲ್ಲ. ಕೆಲವರಿಗೆ ಲಿವರ್ ತೊಂದರೆಯಾದ ವರದಿಗಳೂ ಇವೆ. ಮಾತ್ರೆ ತಗೊಳ್ಳೋರು, ಬಸುರಿಯರು, ಲಿವರ್ ತೊಂದರೆ ಇರೋರು ವೈದ್ಯರನ್ನು ಕೇಳದೆ ಕುಡಿಯಬಾರದು. ಯಾರೇ ಆಗಲಿ, ಎಷ್ಟು ದಿನ ಕುಡೀಬೇಕು ಅನ್ನೋದನ್ನು ಆಯುರ್ವೇದ ವೈದ್ಯರೇ ಹೇಳಲಿ.

ಈಗ ತಿಂಗಳಿಗೊಮ್ಮೆ ಅಜ್ಜಿಯ ಜಗಲಿಯಲ್ಲಿ ಐದಾರು ಜನ ಸೇರ್ತೀವಿ. ಒಬ್ಬೊಬ್ಬರು ಒಂದೊಂದು ಗಿಡ ತರಬೇಕು. ಒಂದೆಲಗ, ದೊಡ್ಡಪತ್ರೆ ಬಂದ ದಿನ ತಂಬುಳಿ ಊಟ. ನಿಮ್ಮೂರಲ್ಲೂ ಇಂಥ ಹಿರಿಯರು ಇದ್ದಾರೆ. ಮೊಬೈಲ್ ಜೇಬಲ್ಲಿಟ್ಟು, ಒಂದು ಗಿಡ ಹಿಡಿದು ಅವರ ಜಗಲಿಗೆ ಹೋಗಿ.