ಕೂಸಿನ ಕಣ್ಣಿಂದ ಮನೆ ನೋಡಿ

ಕೆರೆಬಿಳಚಿಯಲ್ಲಿ ಅಡಿಕೆ ಸುಗ್ಗಿ. ಹಿತ್ತಲಲ್ಲಿ ಹಂಡೆ ಕುದೀತಿದೆ, ಎಲ್ಲರ ಕೈಯಲ್ಲೂ ಕೆಲಸ. ಕೂಸು ಎಲ್ಲಿ?

ಒಂದು ನಿಮಿಷ ನೀವೂ ಅಂಬೆಗಾಲಲ್ಲಿ ಬನ್ನಿ. ಮಂಚದ ಕೆಳಗೆ ಸುಲಿದ ಅಡಿಕೆ. ಗಂಟಲಿಗೆ ಸಿಕ್ಕಿದರೆ ಉಸಿರೇ ಕಟ್ಟುತ್ತೆ. ಮೂಲೆಯಲ್ಲಿ ತೋಟದ ಔಷಧಿಗೆ ತಂದ ಮೈಲುತುತ್ತ. ನೀಲಿ ಕಲ್ಲುಸಕ್ಕರೆ ಥರ ಹೊಳೆಯುತ್ತೆ, ಆದರೆ ವಿಷ. ಬೀಗ ಹಾಕಿಡಿ. ಜ್ಯೂಸ್ ಬಾಟಲಿಗೆ ಕಳೆನಾಶಕ ತುಂಬಲೇಬೇಡಿ.

ಬಚ್ಚಲ ಬಕೆಟ್ ಬೋರಲು ಹಾಕಿ. ನಾಲ್ಕು ಬೆರಳು ನೀರಲ್ಲೂ ಕೂಸು ಮುಳುಗಬಹುದು. ನೀರಿನ ಸಂಪ್‌ಗೆ ಗಟ್ಟಿ ಮುಚ್ಚಳ, ಹಂಡೆ ಸುತ್ತ ತಡೆ ಇರಲಿ.

ಸುಟ್ಟರೆ ಪೇಸ್ಟ್ ಬಳೀಬೇಡಿ, 20 ನಿಮಿಷ ತಣ್ಣೀರು ಹರಿಸಿ. ವಿಷ ಕುಡಿದರೆ ವಾಂತಿ ಮಾಡಿಸಬೇಡಿ; ಬಾಟಲಿ ಜೊತೆಗಿಟ್ಟುಕೊಂಡು 108ಕ್ಕೆ ಫೋನ್ ಮಾಡಿ.

ಅಡಿಕೆ ನಾಳೆ ಬೇಯಿಸಬಹುದು. ಮನೆ ಇವತ್ತೇ ನೋಡಿ.