ಪಕ್ಷ ಹಿಡಿಯಬೇಕೇ ನಮ್ಮ ಭಾರತ?



ಶುಕ್ರವಾರದ ಊಟಕ್ಕೆ ಮಸ್ಕತ್‌ನಲ್ಲಿ ನಾಲ್ಕು ಸಂಸಾರ ಸೇರಿದರೆ ಈ ಚರ್ಚೆ ತಪ್ಪಿದ್ದಲ್ಲ: ಇಷ್ಟು ದೊಡ್ಡ ಆರ್ಥಿಕ ಶಕ್ತಿಯಾದ ಮೇಲೂ ಭಾರತ ಎಲ್ಲರಿಗೂ ಬೇಕಾದವನಾಗಿಯೇ ಇರಬೇಕೇ, ಒಂದು ಪಕ್ಷ ಹಿಡಿಯಬೇಕೇ? ಅಲಿಪ್ತ ನೀತಿ ಹಳೆಯದಾಯ್ತು ಅಂತ ನಾನೂ ವಾದಿಸಿದವನೇ.

ಆದರೆ 2015ರ ಯೆಮೆನ್ ನೆನಪಿಸಿಕೊಳ್ಳಿ. ಒಮಾನ್ ಗಡಿಯಾಚೆಯ ದೇಶ. ಸೌದಿ ವಿಮಾನಗಳು ಬಾಂಬ್ ಹಾಕುತ್ತಿದ್ದವು, ರಾಜಧಾನಿ ಸನಾ ಹೌತಿಗಳ ಕೈಯಲ್ಲಿತ್ತು. ಏರ್ ಇಂಡಿಯಾ ವಿಮಾನಗಳು ಮಸ್ಕತ್‌ಗೆ ಬಂದು ಅನುಮತಿಗಾಗಿ ಕಾದವು. ಐಎನ್‌ಎಸ್ ಸುಮಿತ್ರಾ ಏಡನ್‌ಗೆ ಹೋಯಿತು. ‘ಆಪರೇಷನ್ ರಾಹತ್’ನಲ್ಲಿ 4,600ಕ್ಕೂ ಹೆಚ್ಚು ಭಾರತೀಯರು, ಜೊತೆಗೆ 41 ದೇಶಗಳ 900ಕ್ಕೂ ಹೆಚ್ಚು ಜನ ಪಾರಾದರು. ಹಡಗು, ವಿಮಾನ ಇದ್ದರೆ ಸಾಲದು, ಹೊಡೆದಾಡುವ ಇಬ್ಬರೂ ದಾರಿ ಬಿಡಬೇಕು. ಎದುರು ಪಕ್ಷದವರಿಗೆ ಯಾರು ಬಿಡುತ್ತಾರೆ?

ಹಾಗಂತ ಕೈಕಟ್ಟಿ ಕೂರುವುದೂ ಸಲ್ಲ. 2018ರಲ್ಲಿ ದುಕ್ಮ್ ಬಂದರನ್ನು ನಮ್ಮ ನೌಕಾಪಡೆ ಬಳಸಲು ಒಮಾನ್ ಒಪ್ಪಿತು. ಅದೇ ಒಮಾನ್ ಅಮೆರಿಕ-ಇರಾನ್ ನಡುವೆ ಮಾತು ಹೊಂದಿಸುತ್ತಾ ಬಂದಿದೆ. ಬಲವೂ ಇರಲಿ, ಎಲ್ಲರೊಡನೆ ಮಾತೂ ಇರಲಿ.

ದೆಹಲಿಯಲ್ಲಿ ಇದು ಬರೀ ವಾದ. ಕೊಲ್ಲಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ನಮಗೆ, ಕಷ್ಟ ಬಂದ ದಿನ ಊರಿಗೆ ಹೋಗುವ ದಾರಿ.

ನೀವೇನಂತೀರಿ?